ಒಂದೇ ಕೀ ಕೊಟ್ಟು ಬೈಕ್ ಮಾರುವುದು ನಿಲ್ಲಲಿ

ಸಂಪಾದಕರಿಗೆ,

ಮಾನ್ಯರೇ,

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಟೈರ್ ಒತ್ತಿ ನೋಡುತ್ತಾರೆ, ಚೈನ್ ಎಳೆದು ನೋಡುತ್ತಾರೆ, ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ, ಆರ್‌ಸಿ ಮತ್ತು ವಿಮೆಯ ತಾರೀಕು ಓದುತ್ತಾರೆ. ಕೀ ಎಷ್ಟಿವೆ ಎಂದು ಮಾತ್ರ ಹೆಚ್ಚಿನವರು ಕೇಳುವುದಿಲ್ಲ. ‘ಇನ್ನೊಂದು ಎಲ್ಲೋ ಕಳೆದಿದೆ, ಹೊರಗಡೆ ಡೂಪ್ಲಿಕೇಟ್ ಮಾಡಿಸ್ಕೊಳ್ಳಿ’ ಎಂದು ಮಾರುವವರು ಹೇಳಿದರೆ ಒಪ್ಪಿಕೊಂಡು ಬರುತ್ತಾರೆ. ದಿನಬಳಕೆಯ ಸಾಧಾರಣ ಬೈಕಿಗೆ ಆ ಮಾತು ಸರಿ. ರಸ್ತೆ ಬದಿಯಲ್ಲಿ ಮೆಷಿನ್ ಇಟ್ಟುಕೊಂಡವರು ಹತ್ತು ನಿಮಿಷದಲ್ಲಿ ಕೀ ಕಟ್ ಮಾಡಿ ಕೊಡುತ್ತಾರೆ. ಆದರೆ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ ಹಾಗೆ ಮಾಡಿಸಿದ ಕೀ ಲಾಕ್ ತಿರುಗಿಸುತ್ತದೆ, ಸೀಟ್ ತೆರೆಯುತ್ತದೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೂ ತೆರೆಯುತ್ತದೆ. ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಎಷ್ಟೋ ಜನ ಇದು ಬ್ಯಾಟರಿಯ ದೋಷವೆಂದೋ ಪ್ಲಗ್‌ನ ದೋಷವೆಂದೋ ತಿಳಿದು ಸುಮ್ಮನೆ ದುಡ್ಡು ಸುರಿಯುತ್ತಾರೆ.

ಇಂಥ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಇಗ್ನಿಷನ್ ಲಾಕಿನ ಬಾಯಿಯ ಸುತ್ತ ತಾಮ್ರದ ತಂತಿ ಸುತ್ತಿದ ಬಳೆಯಂಥ ಆಂಟೆನಾ ಇರುತ್ತದೆ. ಕೀ ಆನ್ ಮಾಡಿದಾಗ ಚಿಪ್‌ಗೆ ಬೇಕಾದ ವಿದ್ಯುತ್ತನ್ನು ಅದೇ ಒದಗಿಸಿ, ಚಿಪ್‌ನ ಸಂಕೇತವನ್ನು ಓದುತ್ತದೆ. ತನ್ನ ನೆನಪಿನಲ್ಲಿರುವ ಸಂಕೇತಕ್ಕೆ ಅದು ಹೊಂದಿದರೆ ಮಾತ್ರ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಎಂಜಿನ್ ನಡೆಯಲು ಬಿಡುತ್ತದೆ. ಹೋಂಡಾ ಬೈಕ್‌ಗಳ ‘ಹಿಸ್’ ವ್ಯವಸ್ಥೆಯಲ್ಲಿ ಸರಿಯಾದ ಕೀ ಹಾಕಿದರೆ ಮೀಟರಿನ ಇಮೊಬಿಲೈಸರ್ ದೀಪ ಒಂದೆರಡು ಸೆಕೆಂಡ್ ಉರಿದು ಆರುತ್ತದೆ. ಆರದೆ ಉರಿಯುತ್ತಲೇ ಇದ್ದರೆ ಕೀ ಗುರುತು ಸಿಕ್ಕಿಲ್ಲ ಎಂದರ್ಥ. ಯಮಹಾದಲ್ಲಿ ಕೀ ತೆಗೆದ ಮೇಲೆ 24 ಗಂಟೆ ದೀಪ ಮಿನುಗುತ್ತಿರುತ್ತದೆ. ಅದು ದೋಷವಲ್ಲ, ವೈರ್ ಕೀಳಿಸಬೇಡಿ. ಕೀಯ ತಲೆ ದಪ್ಪಗಿದ್ದ ಮಾತ್ರಕ್ಕೆ ಚಿಪ್ ಇದೆ ಎನ್ನಲಾಗದು. ಮೀಟರಿನಲ್ಲಿ ಕೀ ಚಿತ್ರದ ದೀಪ ಇದೆಯೇ, ಇಗ್ನಿಷನ್ ಲಾಕಿನ ತಲೆಯ ಭಾಗದಿಂದ ಬೇರೆಯೇ ಒಂದು ಸಣ್ಣ ವೈರ್ ಹೊರಟಿದೆಯೇ ಎಂದು ನೋಡಬೇಕು. 2023ರಿಂದ ಬಂದ ಆ್ಯಕ್ಟಿವಾ ಎಚ್-ಸ್ಮಾರ್ಟ್‌ನಂಥ ಸ್ಮಾರ್ಟ್ ಕೀಗಳ ದಾರಿಯೇ ಬೇರೆ. ಅದನ್ನು ಇಲ್ಲಿ ಸೇರಿಸುತ್ತಿಲ್ಲ.

ಕೆಲಸ ಮಾಡುವ ಒಂದು ಕೀ ಕೈಯಲ್ಲಿದ್ದರೆ ಎರಡನೆಯದು ಕಷ್ಟವಲ್ಲ. ಮೊದಲು ಆ ಮಾದರಿಗೆ ತಕ್ಕ, ಚಿಪ್ ಇರುವ ಹೊಸ ಖಾಲಿ ಕೀ ತರಬೇಕು. ನೋಡಲು ಒಂದೇ ರೀತಿ ಇದ್ದರೂ ಕೀಯ ಉದ್ದಕ್ಕೂ ಇರುವ ಗೀರು ಎಡಕ್ಕೋ ಬಲಕ್ಕೋ ಎಂಬ ವ್ಯತ್ಯಾಸವಿರುತ್ತದೆ, ಕೈಯಲ್ಲಿರುವ ಕೀ ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಳ್ಳಿ. ಹಳೆಯ ಬೈಕಿನಿಂದ ತೆಗೆದ ಚಿಪ್ ಬೇಡ. ಒಮ್ಮೆ ಬೇರೆ ಬೈಕಿಗೆ ಜೋಡಿಯಾದದ್ದು ಹಲವು ವ್ಯವಸ್ಥೆಗಳಲ್ಲಿ ಮತ್ತೆ ನೋಂದಣಿ ಆಗುವುದಿಲ್ಲ, ಅಂದರೆ ಇಸಿಯು ನೆನಪಿಗೆ ಸೇರುವುದಿಲ್ಲ. ಕಟ್ ಮಾಡಿಸುವಾಗ ಸವೆದ ಕೀಯನ್ನೇ ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ. ಕೀ ಜೊತೆ ಕಂಪನಿ ಕೊಟ್ಟ ಲೋಹದ ಬಿಲ್ಲೆಯಲ್ಲಿ ಕೀ ನಂಬರ್ ಇರುತ್ತದೆ. ಆ ನಂಬರಿನ ಪ್ರಕಾರ ಕಟ್ ಮಾಡಿಸಿದರೆ ಹೊಸದರಷ್ಟೇ ಚೂಪಾದ ಹಲ್ಲು ಸಿಗುತ್ತದೆ. ಚಿಪ್ ನೋಂದಣಿಗೆ ಮೊದಲೇ ಹ್ಯಾಂಡಲ್ ಲಾಕ್, ಸೀಟ್, ಟ್ಯಾಂಕ್ ಮೂರರಲ್ಲೂ ತಿರುಗಿಸಿ ನೋಡಿ. ಬಿಗಿ ಇದ್ದರೆ ಆಗಲೇ ಸರಿಪಡಿಸಬೇಕು; ಬಲವಂತಕ್ಕೆ ಕೀ ಲಾಕಿನೊಳಗೇ ಮುರಿದರೆ ಕೆಲಸ ಎರಡಾಗುತ್ತದೆ.

ನೋಂದಣಿ ಕಂಪನಿಯಿಂದ ಕಂಪನಿಗೆ ಬೇರೆ. ಹೋಂಡಾದ ಆ ವ್ಯವಸ್ಥೆಯಲ್ಲಿ ಕ್ರ್ಯಾಂಕ್ ಸೆನ್ಸರ್‌ನ (ಎಂಜಿನ್ ತಿರುಗುವುದನ್ನು ಗ್ರಹಿಸುವ ಭಾಗ) ಕನೆಕ್ಟರಿಗೆ ವಿಶೇಷ ಅಡಾಪ್ಟರ್ ಜೋಡಿಸಿ, ಬ್ಯಾಟರಿಗೆ ಕ್ಲಿಪ್ ಹಾಕಿ, ನೋಂದಣಿಯಾದ ಕೀಯಿಂದ ಆನ್ ಮಾಡುತ್ತಾರೆ. ದೀಪ ಸುಮಾರು 2 ಸೆಕೆಂಡ್ ಉರಿದು, ಬಳಿಕ ನಾಲ್ಕು ನಾಲ್ಕು ಸಲ ಮಿನುಗತೊಡಗಿದರೆ ಇಸಿಯು ಹೊಸ ಕೀ ಕಲಿಯಲು ಸಿದ್ಧ. ಆ ಕ್ಷಣದಲ್ಲೇ ಲಾಕಿನಲ್ಲಿರುವ ಕೀ ಬಿಟ್ಟು ಉಳಿದೆಲ್ಲ ಕೀಗಳ ನೋಂದಣಿ ಅಳಿಸಿಹೋಗುತ್ತದೆ. ನಂತರ ಹೊಸ ಕೀ ಹಾಕಿ ಆನ್ ಮಾಡಿದರೆ ಅದೂ ಸೇರುತ್ತದೆ. ಒಟ್ಟು 4 ಕೀಗಳವರೆಗೆ. ಬೇರೆ ಚಿಪ್ ಕೀಗಳು ಲಾಕಿನಿಂದ 5 ಸೆಂಟಿಮೀಟರಿಗಿಂತ ದೂರ ಇರಬೇಕು, ಇಲ್ಲವಾದರೆ ಸಂಕೇತ ಕಲಸಿಹೋಗುತ್ತದೆ. ಕೆಲಸ ವಿಫಲವಾಗಲು ಕೀ ಗೊಂಚಲು ಮತ್ತು ಸೋತ ಬ್ಯಾಟರಿ ದೊಡ್ಡ ಕಾರಣಗಳು. ನಿಂತ ಬೈಕಿನ ಬ್ಯಾಟರಿ 12.4 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಚಾರ್ಜ್ ಮಾಡಿಯೇ ಶುರು ಮಾಡಬೇಕು.

ಕಳೆದ ಕೀ ಅಳಿಸಿಹೋಗುವುದು ಈ ವಿಧಾನದ ದೊಡ್ಡ ಲಾಭ. ಹಾಗಾಗಿ ‘ಬೈಕ್ ತರುವುದೇ ಬೇಡ, ಕೀ ಕೊಡಿ, ಚಿಪ್ ಕ್ಲೋನ್ ಮಾಡ್ತೀವಿ’ ಎನ್ನುವವರ ಮಾತಿಗೆ ನಾನು ಸಮ್ಮತಿಸಲಾರೆ. ಕ್ಲೋನ್ ಎಂದರೆ ಇರುವ ಕೀಯ ಸಂಕೇತದ ನಕಲು. ಬೈಕಿಗೆ ಹೊಸದೇನೂ ಗೊತ್ತಾಗುವುದಿಲ್ಲ, ಕಳೆದುಹೋದ ಕೀಯೂ ಎಂದಿನಂತೆ ಎಂಜಿನ್ ಸ್ಟಾರ್ಟ್ ಮಾಡುತ್ತದೆ. ಹಿಂದಿನ ಮಾಲೀಕರು ಕಳೆದ ಕೀ ಯಾರ ಜೇಬಿನಲ್ಲಿದೆಯೋ ಬಲ್ಲವರಿಲ್ಲ. ನೋಂದಣಿ ಅಳಿಸಿದರೂ ಆ ಕೀ ಹ್ಯಾಂಡಲ್ ಲಾಕ್ ತೆರೆಯುತ್ತದೆ, ಬೈಕನ್ನು ತಳ್ಳಿಕೊಂಡು ಹೋಗಬಹುದು ಎಂಬುದೂ ನೆನಪಿರಲಿ. ರಸ್ತೆಯಲ್ಲೇ ನಿಲ್ಲಿಸುವವರು ಡಿಸ್ಕ್ ಲಾಕ್ ಹಾಕುವುದು ಒಳ್ಳೆಯದು.

ಯಮಹಾದ ಕೆಲವು ಬೈಕ್‌ಗಳಲ್ಲಿ ಕೆಂಪು ತಲೆಯ ಒಂದು ಕೀ, ಕಪ್ಪು ತಲೆಯ ಎರಡು ಕೀ ಬರುತ್ತವೆ. ಓಡಿಸುವುದು ಕಪ್ಪು ಕೀಯಿಂದ. ಕೆಂಪು ಕೀ ಇರುವುದು ಹೊಸ ಕೀಗಳನ್ನು ನೋಂದಾಯಿಸಲಿಕ್ಕೆ. ಅದು ಕಳೆದರೆ ಬೈಕ್ ಓಡುತ್ತದೆ, ಆದರೆ ಇನ್ನೊಂದು ಕೀ ಸೇರಿಸಬೇಕಾದಾಗ ಇಡೀ ಇಮೊಬಿಲೈಸರ್ ವ್ಯವಸ್ಥೆಯನ್ನೇ ಬದಲಿಸಬೇಕು ಎಂದು ಕಂಪನಿಯ ಕೈಪಿಡಿಯೇ ಎಚ್ಚರಿಸುತ್ತದೆ. ಕೆಟಿಎಂನ ಇಮೊಬಿಲೈಸರ್ ಮಾದರಿಗಳಲ್ಲಿ ಇದೇ ಕೆಲಸ ಕಿತ್ತಳೆ ಬಣ್ಣದ ಕೀಯದು. ಮಾರುವವರು ಕಪ್ಪು ಕೀ ಎರಡು ಕೊಟ್ಟರೂ ಕೆಂಪೋ ಕಿತ್ತಳೆಯೋ ಕೇಳದೆ ಬರಬೇಡಿ.

ಇದ್ದ ಒಂದು ಕೀಯೂ ಹೋದರೆ ಲಾಕ್ ಸೆಟ್ ಮತ್ತು ಇಸಿಯು ಎರಡನ್ನೂ ಬದಲಿಸುವ ಮಟ್ಟಕ್ಕೆ ಹೋಗಬಹುದು. ಆಗ ಕೆಲವರು ಚಿಪ್ಪನ್ನೇ ಆಂಟೆನಾ ಬಳೆಗೆ ಟೇಪ್‌ನಿಂದ ಅಂಟಿಸುವ ಉಪಾಯ ಹೇಳುತ್ತಾರೆ. ಅದಕ್ಕೂ ನೋಂದಣಿಯಾದ ಚಿಪ್ ಬೇಕು. ಹಾಗೆ ಅಂಟಿಸಿದ ದಿನದಿಂದ ಆ ಬೈಕಿಗೆ ಇಮೊಬಿಲೈಸರ್ ಇದ್ದೂ ಇಲ್ಲ.

ಇನ್ನೊಂದು ಪೆಟ್ಟು ವಿಮೆಯ ಕಡೆಯಿಂದ. ಕಳ್ಳತನದ ಕ್ಲೇಮ್ ಹಾಕಿದಾಗ ಎಫ್‌ಐಆರ್, ಆರ್‌ಸಿ ಜೊತೆ ಮೂಲ ಕೀಗಳೆರಡನ್ನೂ ವಿಮಾ ಕಂಪನಿಗಳು ಸಾಮಾನ್ಯವಾಗಿ ಕೇಳುತ್ತವೆ. ಒಂದೇ ಕೊಟ್ಟರೆ ವಿವರಣೆ, ತಕರಾರು, ಅಲೆದಾಟ. ಕೊಳ್ಳುವಾಗ ಒಂದೇ ಕೀ ಸಿಕ್ಕಿದ್ದರೆ ಮಾರಾಟದ ಕರಾರಿನಲ್ಲಿ ಅದನ್ನು ಬರೆಸಿ ಮಾರಿದವರ ಸಹಿ ಹಾಕಿಸಿಕೊಳ್ಳಿ. ನಂತರ ಕಳೆದುಕೊಂಡರೆ ಠಾಣೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ, ಹೊಸ ಕೀ ಮಾಡಿಸಿದ ಬಿಲ್ ಜೋಪಾನವಾಗಿಡಿ.

ಹಳೆಯ ವಾಹನಗಳ ವ್ಯಾಪಾರಿಗಳಿಗೆ ಸಾರಿಗೆ ಇಲಾಖೆಯ ಅಧಿಕೃತ ಪತ್ರ ಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಾಹನ ಅವರ ಕೈಗೆ ಬಂದದ್ದನ್ನು ಫಾರಂ 29ಸಿ ಮೂಲಕ ತಿಳಿಸಬೇಕು. ಆ ಹಂತದಲ್ಲೇ ಬಂದ ಕೀಗಳೆಷ್ಟು, ಕೆಂಪು ಅಥವಾ ಕಿತ್ತಳೆ ಕೀ ಇದೆಯೇ, ನಂಬರಿನ ಬಿಲ್ಲೆ ಇದೆಯೇ ಎಂದು ದಾಖಲಿಸಿ, ಕೊಳ್ಳುವವರಿಗೆ ಕೊಡುವ ಡೆಲಿವರಿ ಚೀಟಿಯಲ್ಲೂ ಅದನ್ನೇ ಬರೆಯುವಂತೆ ಇಲಾಖೆ ಸೂಚಿಸಲಿ. ಒಂದೇ ಕೀ ಇರುವ ಬೈಕಿಗೆ ಎರಡನೆಯದನ್ನು ನೋಂದಾಯಿಸಿ ಕೊಡುವ ಹೊಣೆ ವ್ಯಾಪಾರಿಯದೇ ಆಗಬೇಕು.

ಈಗಾಗಲೇ ಒಂದೇ ಕೀ ಇಟ್ಟುಕೊಂಡು ಓಡಿಸುತ್ತಿರುವವರು ಅದು ಕೆಲಸ ಮಾಡುತ್ತಿರುವಾಗಲೇ ಎರಡನೆಯದನ್ನು ಮಾಡಿಸಿಕೊಳ್ಳಿ. ಕೀ ನಂಬರಿನ ಬಿಲ್ಲೆಯನ್ನು ಮನೆಯಲ್ಲಿಡಿ. ಅದನ್ನು ಕೀ ಗೊಂಚಲಿಗೇ ಕಟ್ಟಿಕೊಂಡು ತಿರುಗಿದರೆ, ಗೊಂಚಲು ಬಿದ್ದ ದಿನ ಕೀಯೂ ಇಲ್ಲ, ನಂಬರೂ ಇಲ್ಲ.

– ದ್ವಿಚಕ್ರ ವಾಹನ ದುರಸ್ತಿಗಾರ, ಬೆಂಗಳೂರು