ವಿದೇಶದಲ್ಲಿ ಒಂದು ಸೆಮಿಸ್ಟರ್: ಟಿಕೆಟ್‌ಗಿಂತ ಮೊದಲು ಸಹಿ ಆಗಲಿ

ಮಾನ್ಯರೇ,

ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ, ಅಲ್ಲಿನ ಕುಟುಂಬವೊಂದರ ಮನೆಯಲ್ಲೇ ಉಳಿದು ಬರುವುದು ಈಗ ಶಿರಸಿ, ಕಾರವಾರ, ಕುಮಟಾದ ವಿದ್ಯಾರ್ಥಿಗಳಿಗೂ ದೂರದ ಮಾತಲ್ಲ. ಹೋಗುವವರು ಹೆಚ್ಚಲಿ ಎಂಬುದೇ ನಮ್ಮ ಆಸೆ. ಆದರೆ ಹೊರಡುವ ಗಡಿಬಿಡಿಯಲ್ಲಿ ಮನೆಯವರು ವಿಚಾರಿಸುವುದು ಟಿಕೆಟ್ ದರ, ಚಳಿ, ಊಟ. ಅಲ್ಲಿ ಪಾಸಾದ ವಿಷಯವನ್ನು ಇಲ್ಲಿನ ಅಂಕಪಟ್ಟಿಗೆ ಸೇರಿಸಿಕೊಳ್ಳುತ್ತೇವೆಂದು ವಿಶ್ವವಿದ್ಯಾಲಯ ಬರೆದುಕೊಟ್ಟಿದೆಯೇ ಎಂದು ಕೇಳುವವರು ಕಡಿಮೆ. ಆ ಕಾಗದ ಕೈಗೆ ಬರದೆ ಟಿಕೆಟ್ ತೆಗೆಸಲೇಬಾರದು. ಜರ್ಮನಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಓದಿನ ಹೊರೆಯನ್ನು ಅಳೆಯುವ ಮಾನವೇ ಕ್ರೆಡಿಟ್. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಓದಿಗೆ ಅಲ್ಲಿನ ಸಾಮಾನ್ಯ ಪದ್ಧತಿಯಾದ ಇಸಿಟಿಎಸ್ ಪ್ರಕಾರ 30 ಕ್ರೆಡಿಟ್. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 20. ಅಂದರೆ ಇಲ್ಲಿನ 4 ಕ್ರೆಡಿಟ್ ವಿಷಯಕ್ಕೆ ಅಲ್ಲಿನ 6 ಬೇಕು. ಅಲ್ಲಿ ಅನೇಕ ವಿಷಯಗಳು ಇರುವುದು 5 ಕ್ರೆಡಿಟ್‌ಗೆ. ಉಳಿದ ಚೂರನ್ನು ಹೇಗೆ ತುಂಬಿಕೊಳ್ಳುವುದು ಎಂದು ಅಧ್ಯಯನ ಮಂಡಳಿ ಮೊದಲೇ ತೀರ್ಮಾನಿಸದಿದ್ದರೆ, ವಾಪಸು ಬಂದ ಹುಡುಗ ಅದೇ ವಿಷಯಕ್ಕೆ ಮತ್ತೆ ಪರೀಕ್ಷೆ ಕಟ್ಟಬೇಕಾಗುತ್ತದೆ. ಅಲ್ಲಿ ಓದುವ ಯಾವ ವಿಷಯ ಇಲ್ಲಿನ ಯಾವುದಕ್ಕೆ ಸಮ ಎಂದು ಬರೆದಿಡುವ ಒಪ್ಪಂದಕ್ಕೆ, ಅಂದರೆ ಲರ್ನಿಂಗ್ ಅಗ್ರಿಮೆಂಟ್‌ಗೆ, ಮೂರು ಸಹಿ ಬೀಳಬೇಕು: ವಿದ್ಯಾರ್ಥಿಯದು, ಇಲ್ಲಿನ ವಿಶ್ವವಿದ್ಯಾಲಯದ್ದು, ಅಲ್ಲಿನದ್ದು. ಅಲ್ಲಿಗೆ ಹೋದ ಮೇಲೆ ಒಂದು ವಿಷಯ ಇಂಗ್ಲಿಷ್‌ನಲ್ಲಿ ನಡೆಯುವುದಿಲ್ಲ, ಇನ್ನೊಂದರ ವೇಳಾಪಟ್ಟಿ ಹೊಂದುವುದಿಲ್ಲ ಎಂದು ಬದಲಿಸಬೇಕಾಗುವುದುಂಟು. ಬದಲಿಸಿದ ಪಟ್ಟಿಗೂ ಮೊದಲ ವಾರಗಳಲ್ಲೇ ಹೊಸದಾಗಿ ಸಹಿ ಆಗಬೇಕು. ಅಂಕದ ಲೆಕ್ಕವೂ ತಿರುಗುಮುರುಗು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0ಕ್ಕೆ ಪಾಸು, 5.0 ಎಂದರೆ ಫೇಲು. 1.3 ಪಡೆದ ಜಾಣೆಯ ಅಂಕವನ್ನು ಇಲ್ಲಿ ಹತ್ತಕ್ಕೆ 1.3 ಎಂದು ಓದಿದರೆ ಅವಳ ಗತಿ ಏನು? ಪರಿವರ್ತನೆಯ ಸೂತ್ರವೂ ಆ ಒಪ್ಪಂದದಲ್ಲೇ ಇರಲಿ.

ತಿಂಗಳುಗಳೂ ಹೊಂದಬೇಕಲ್ಲ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್. ಪಾಠ ಮುಗಿಯುವುದು ಫೆಬ್ರುವರಿ ಮಧ್ಯಕ್ಕೆ, ಪರೀಕ್ಷೆ ಅದರ ಬೆನ್ನಿಗೆ. ಅಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿ ಹಾಜರಾತಿ ಕಡಿತವಾಗುತ್ತಿರುತ್ತದೆ. ಏಪ್ರಿಲ್‌ನಲ್ಲಿ ಆರಂಭವಾಗಿ ಜುಲೈ ಹೊತ್ತಿಗೆ ಪಾಠ ಮುಗಿಯುವ ಬೇಸಿಗೆ ಸೆಮಿಸ್ಟರ್ ನಮ್ಮವರಿಗೆ ಎಷ್ಟೋ ವಾಸಿ.

90 ದಿನ ಮೀರುವ ವಾಸಕ್ಕೆ ರಾಷ್ಟ್ರೀಯ ವೀಸಾವೇ (ದೀರ್ಘಾವಧಿ ವಾಸದ ವೀಸಾ) ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಬಹುದು ಎನ್ನುವ ಏಜೆಂಟರನ್ನು ನಂಬಬೇಡಿ. ಖರ್ಚಿಗೆ ಹಣವಿದೆ ಎಂದು ತೋರಿಸಲು ನಿರ್ಬಂಧಿತ ಖಾತೆಯಲ್ಲಿ (ಮೊದಲೇ ಹಣ ಕಟ್ಟಿಟ್ಟು, ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಬ್ಯಾಂಕ್ ಖಾತೆ) 2024ರ ಸೆಪ್ಟೆಂಬರ್‌ನಿಂದ ತಿಂಗಳಿಗೆ 992 ಯೂರೊ ಲೆಕ್ಕ. ಆರು ತಿಂಗಳಿಗೆ 5,952. ಇಲ್ಲಿ ಕೊಂಡ ಪ್ರವಾಸ ವಿಮೆ ಅಲ್ಲಿನ ದಾಖಲಾತಿಗೆ ನಡೆಯುವುದಿಲ್ಲ, ಆರೋಗ್ಯ ವಿಮೆ ಬೇರೆಯೇ ಆಗಬೇಕು. ನಮ್ಮ ಕಡೆ ಪದೇ ಪದೇ ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಊರು, ಅಡ್ಡಹೆಸರು ಎಲ್ಲ ಬಿಡಿಸಿ ಬರೆದದ್ದು. ಒಂದರಲ್ಲಿ ನಾಯಕ, ಇನ್ನೊಂದರಲ್ಲಿ ನಾಯ್ಕ. ಇದನ್ನು ವೀಸಾ ಅರ್ಜಿಗೆ ಮೊದಲೇ ಸರಿಮಾಡಿಸಿಕೊಳ್ಳಬೇಕು.

ಇನ್ನು ಮನೆ. ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಬಾಡಿಗೆ ಕರಾರು ಸಾಲದು, ‘ಇವರು ನಮ್ಮ ಮನೆಯಲ್ಲಿದ್ದಾರೆ’ ಎಂದು ಮನೆಯವರು ಸಹಿ ಮಾಡಿದ ಪ್ರತ್ಯೇಕ ನಮೂನೆ ಬೇಕು. ಅದನ್ನು ಕೊಡುತ್ತೀರಾ ಎಂದು ಇಲ್ಲಿಂದಲೇ ಪತ್ರ ಬರೆದು ಕೇಳಿ. ನೋಂದಣಿ ಆಗದಿದ್ದರೆ ವಾಸದ ಪರವಾನಗಿ, ಬ್ಯಾಂಕ್ ಕೆಲಸ ಎಲ್ಲ ನಿಲ್ಲುತ್ತವೆ. ಅದೇ ಪತ್ರದಲ್ಲಿ ತಿಂಗಳ ಹಣದಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ, ಅಡುಗೆಮನೆ ಬಳಸಬಹುದೇ, ಬಟ್ಟೆ ಒಗೆಯುವ ದಿನ ಯಾವುದು ಎಂದೂ ಕೇಳಬೇಕು. ಸಸ್ಯಾಹಾರಿ ಎಂದಷ್ಟೇ ಬರೆದರೆ ಮೊಟ್ಟೆ, ಕೆಲವೊಮ್ಮೆ ಮೀನು ತಟ್ಟೆಗೆ ಬರುತ್ತದೆ. ಮಾಂಸ, ಮೀನು, ಮೊಟ್ಟೆ, ಜೆಲಟಿನ್ ಬೇಡ, ಪ್ರಾಣಿಜನ್ಯ ರೆನೆಟ್ (ಹಾಲು ಒಡೆಸುವ ಪದಾರ್ಥ) ಹಾಕಿದ ಚೀಸ್ ಬೇಡ, ಹಾಲು ಬೆಣ್ಣೆ ಆಗುತ್ತದೆ ಎಂದು ಒಂದೊಂದನ್ನೇ ಬಿಡಿಸಿ ಬರೆಯಬೇಕು.

ಮನಸ್ತಾಪ ಹುಟ್ಟುವುದು ಸಣ್ಣ ವಿಷಯಕ್ಕೆ, ಹೆಚ್ಚಿನದು ಕಿಟಕಿಗೆ. ಮಳೆಗಾಲದಲ್ಲಿ ನಮ್ಮ ಗೋಡೆಗೆ ಬೂಷ್ಟು ಹಿಡಿಯುವುದು ಹೊರಗಿನ ತೇವದಿಂದ. ಅಲ್ಲಿ ಚಳಿಗಾಲದಲ್ಲಿ ಹಿಡಿಯುವುದು ಒಳಗಿನ ತೇವದಿಂದ. ಚಳಿಯೆಂದು ಕಿಟಕಿ ಮುಚ್ಚಿ, ಕೋಣೆಯಲ್ಲೇ ಬಟ್ಟೆ ಒಣಹಾಕಿದರೆ ಆವಿ ಹೊರಗೋಡೆಯ ತಣ್ಣನೆಯ ಮೂಲೆಗೆ ಹೋಗಿ ನೀರಾಗುತ್ತದೆ. ಕಪಾಟಿನ ಹಿಂದೆ ಕಪ್ಪು ಬೂಷ್ಟು ಏಳುತ್ತದೆ. ಹೀಟರ್ ಆರಿಸಿ, ಕಿಟಕಿಯನ್ನು ಪೂರ್ತಿ ತೆರೆದು, ಐದರಿಂದ ಹತ್ತು ನಿಮಿಷ ಗಾಳಿ ಆಡಿಸಬೇಕು, ದಿನಕ್ಕೆ ಎರಡು ಮೂರು ಸಲ. ದಿನವಿಡೀ ಸ್ವಲ್ಪವೇ ಓರೆ ಮಾಡಿಟ್ಟರೆ ಗೋಡೆ ತಣ್ಣಗಾಗಿ ಇನ್ನೂ ಕೆಡುತ್ತದೆ. ಅಲ್ಯೂಮಿನಿಯಂ ಕುಕ್ಕರ್, ಬಾಣಲೆ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಒಯ್ಯಿರಿ. ಒಣಮೆಣಸಿನ ಒಗ್ಗರಣೆಗೆ ಹೊಗೆ ಫ್ಯಾನ್ ಹಾಕದಿದ್ದರೆ ಪ್ಯಾಸೇಜಿನ ಹೊಗೆ ಅಲಾರಂ ಕೂಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಮನೆಯವರೂ ಇದನ್ನು ನೆನಪಿಡಲಿ: ಇಲ್ಲಿ ಬೆಳಿಗ್ಗೆ ಆರಕ್ಕೆ ಫೋನ್ ಹಚ್ಚಿದರೆ ಚಳಿಗಾಲದಲ್ಲಿ ಅಲ್ಲಿ ರಾತ್ರಿ ಒಂದೂವರೆ.

ಪೆಟ್ಟಿಗೆ ಕಟ್ಟುವಾಗ ತುಪ್ಪ, ಪೇಡೆ ಬೇಡ; ಹೊರಗಿನವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಒಣಮೀನಿಗೆ 20 ಕೆ.ಜಿ.ವರೆಗೆ, ಜೇನಿಗೆ 2 ಕೆ.ಜಿ.ವರೆಗೆ ಅಡ್ಡಿಯಿಲ್ಲ. ತಾಜಾ ಹಣ್ಣು, ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ತೆಂಗಿನಕಾಯಿಗೂ ಬಾಳೆಹಣ್ಣಿಗೂ ಅದು ಬೇಕಿಲ್ಲ. ಆದರೆ ಕೊಬ್ಬರಿಯನ್ನು ವಿಮಾನದವರೇ ಬಿಡುವುದಿಲ್ಲ, ಅದು ಬೆಂಕಿ ಹಿಡಿಯುವ ವಸ್ತುಗಳ ಪಟ್ಟಿಯಲ್ಲಿದೆ. ಆ ಮನೆಯವರಿಗೆ ಕೊಡಲು ನಮ್ಮ ಏಲಕ್ಕಿ, ಕಾಳುಮೆಣಸು ಒಳ್ಳೆಯ ಉಡುಗೊರೆ.

ನಮ್ಮ ಜಿಲ್ಲೆಯ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿವೆ. ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು, ಕಾರವಾರದ ಸ್ನಾತಕೋತ್ತರ ಕೇಂದ್ರ ಕರ್ನಾಟಕ ವಿಶ್ವವಿದ್ಯಾಲಯದ್ದು. ಒಂದು ಸಹಿಗಾಗಿ ವಿದ್ಯಾರ್ಥಿಯೇ ಘಟ್ಟ ಹತ್ತಿ ಓಡಾಡುವುದು ತಪ್ಪಬೇಕು. ಪ್ರತಿ ಕಾಲೇಜಿನಲ್ಲೂ ಈ ಕೆಲಸಕ್ಕೆ ಒಬ್ಬ ಉಪನ್ಯಾಸಕರನ್ನು ಲಿಖಿತವಾಗಿ ನೇಮಿಸಿ, ಅವರಿಗೆ ಪಾಠದ ಹೊರೆ ಇಳಿಸಿ ಕೊಡಬೇಕು. ಕ್ರೆಡಿಟ್ ಒಪ್ಪಂದದ ಪ್ರತಿಯನ್ನು ಕನ್ನಡದ ವಿವರಣೆಯೊಂದಿಗೆ, ವೀಸಾ ಅರ್ಜಿ ಹಾಕುವ ಮೊದಲೇ ತಂದೆ-ತಾಯಿಯ ಕೈಗೆ ಕೊಡಬೇಕು. ಸಂಬಂಧಪಟ್ಟ ಕುಲಸಚಿವರು ಬರುವ ಶೈಕ್ಷಣಿಕ ವರ್ಷಕ್ಕೇ ಇದನ್ನು ಸುತ್ತೋಲೆಯಾಗಿ ಹೊರಡಿಸಬೇಕೆಂದು ವಿನಂತಿ.

– ಕೆಲವು ಉಪನ್ಯಾಸಕರು, ಶಿರಸಿ