ಏನಾದ್ರೂ ಆದ್ರೆ ನನ್ನ ತಲೆಗೇ ಕಟ್ತಾರಾ, ದೊಡ್ಡಮ್ಮ?

ಸಾಗರ
ಭಾನುವಾರ, ಬೆಳಿಗ್ಗೆ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಪತ್ರ ಗುರುವಾರವೇ ಬಂತು. ಪಿಜಿ ಊಟ, ರೂಮಿನ ಹುಡುಗಿಯರು, ಬಸ್ಸಿನ ಕಷ್ಟ ಎಲ್ಲ ಓದುತ್ತಾ ಖುಷಿಯಾಗಿಯೇ ಇದ್ದೆ. ಕೊನೆಯ ಪುಟದ ಮೂಲೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಏನಾದ್ರೂ ಆದ್ರೆ ನನ್ನ ತಲೆಗೇ ಕಟ್ತಾರಾ, ದೊಡ್ಡಮ್ಮ?" ಅಂತ. ಅಲ್ಲಿಗೆ ಕೈ ನಿಂತುಹೋಯಿತು. ಮೂರು ರಾತ್ರಿಯಿಂದ ಆ ಸಾಲು ನನ್ನನ್ನು ಬಿಟ್ಟಿಲ್ಲ.

ಹಾಗೇನೂ ಆಗಲ್ಲ ಕಣೇ, ಸುಮ್ನೆ ಹೆದರಬೇಡ ಅಂತ ಬರೆಯೋಣ ಅಂದುಕೊಂಡು ನಿನ್ನೆ ಕೂತೆ. ಎರಡು ಸಾಲು ಬರೆದು ಹರಿದು ಹಾಕಿದೆ. ಕಟ್ಟಬಹುದು ಪುಟ್ಟಿ. ಅದು ಎಷ್ಟು ಸುಲಭ ಅಂತ ನನಗೆ ಗೊತ್ತು.

ಹೊಸ ಕೆಲಸದಲ್ಲಿ ನಿನ್ನ ಲಾಗಿನ್ ಬರೋಕೆ ಮೂರು ವಾರ ತಡವಾಯಿತು, ಅಲ್ಲಿಯವರೆಗೆ ಟೀಮ್ ಲೀಡ್ ತಮ್ಮ ಐಡಿ, ಪಾಸ್‌ವರ್ಡ್ ಕೊಟ್ಟು ಕೆಲಸ ಮಾಡು ಅಂದರು, ನೀನು ಮಾಡಿದೆ. ಬೇರೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಹೊಸ ಹುಡುಗಿ, ಕಾಂಟ್ರಾಕ್ಟ್ ಕೆಲಸ, ಸುಮ್ಮನೆ ಕೂತರೆ "ಈಕೆಗೆ ಕೆಲಸ ಬರಲ್ಲ" ಅನ್ನುತ್ತಾರೆ. ಅದಕ್ಕೆ ನಾನು ಬೈಯುವುದಿಲ್ಲ. ನನಗೆ ಭಯ ಆಗಿದ್ದು ಈಗ ಸಹಿಗೆ ಬಂದಿರುವ ಆ ಕಾಗದ ನೋಡಿ. ವಿಮಾ ಕಂಪನಿಯ ಕಂಪ್ಯೂಟರ್ ವ್ಯವಸ್ಥೆ ಬಳಸುವ ಎಲ್ಲ ಉಪಗುತ್ತಿಗೆಯವರೂ ಒಪ್ಪಬೇಕಾದ ನಿಯಮಗಳು. ಅದರಲ್ಲಿ ಮೊದಲನೆಯದೇ, ಒಬ್ಬರ ಐಡಿ ಇನ್ನೊಬ್ಬರು ಬಳಸಬಾರದು ಅಂತ ಇದೆ. ನಿಮ್ಮ ಎಚ್‌ಆರ್ "ಸೇರಿದ ದಿನದ ತಾರೀಖೇ ಹಾಕಿಬಿಡಿ" ಅಂದಿದ್ದಾರೆ ಅಂತ ನೀನು ಬರೆದಿದ್ದೀಯ. ಅದನ್ನು ನೀನು ಸಣ್ಣ ವಿಷಯ ಅನ್ನೋ ಹಾಗೆ ಬರೆದಿದ್ದೀಯ. ನನಗೆ ಎದೆ ಧಸಕ್ಕೆಂದಿದ್ದು ಅಲ್ಲೇ.

ಯೋಚನೆ ಮಾಡು. ಸೇರಿದ ದಿನದ ತಾರೀಖು ಹಾಕಿದರೆ, ನಿಯಮ ಗೊತ್ತಿದ್ದೂ ಮೂರು ವಾರ ಮುರಿದೆ ಅಂತ ನೀನೇ ಬರೆದುಕೊಟ್ಟ ಹಾಗೆ ಆಗುತ್ತದೆ. ನಿಜವಾಗಿ ಸಹಿ ಹಾಕುವ ದಿನದ ತಾರೀಖನ್ನೇ ಹಾಕು. ಅವರು ಮುಖ ಗಂಟು ಹಾಕಿಕೊಂಡರೂ ಪರವಾಗಿಲ್ಲ.

ನಾನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಒಂದು ವಿಷಯ ನಿಮ್ಮ ಯಾರಿಗೂ ಹೇಳಿಲ್ಲ. ದೊಡ್ಡಪ್ಪನಿಗೂ ಪೂರ್ತಿ ಗೊತ್ತಿಲ್ಲ.

ತೊಂಬತ್ತರ ದಶಕದ ಕೊನೆ. ನಮ್ಮ ಬ್ಯಾಂಕ್ ಶಾಖೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಲೆಡ್ಜರಿನ ಬ್ಯಾಲೆನ್ಸ್ ಎಲ್ಲ ಯಂತ್ರಕ್ಕೆ ಹತ್ತಿಸಬೇಕು. ಒಬ್ಬ ಗುತ್ತಿಗೆದಾರ ಇಬ್ಬರು ಹುಡುಗರನ್ನು ಕಳಿಸಿದ್ದ. ಅದರಲ್ಲಿ ಒಬ್ಬನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ, ಈಗ ನಿನಗಿರುವಷ್ಟೇ ವಯಸ್ಸು. ಅವನು ಎಂಟ್ರಿ ಹಾಕಬೇಕು, ನಾನು ನೋಡಿ ಪಾಸ್ ಮಾಡಬೇಕು. ಸೆಪ್ಟೆಂಬರಿನಲ್ಲಿ ಅರ್ಧ ವರ್ಷದ ಲೆಕ್ಕ ಮುಗಿಸುವ ಕ್ಲೋಸಿಂಗ್ ಹೊತ್ತು, ಕೌಂಟರಿನಲ್ಲಿ ಜನವೋ ಜನ. ಪ್ರತಿ ಎಂಟ್ರಿಗೂ ಎದ್ದು ಹೋಗೋಕೆ ಆಗುತ್ತಿರಲಿಲ್ಲ. ಒಂದು ಪೇ-ಇನ್ ಸ್ಲಿಪ್ಪಿನ ಹಿಂದೆ ನನ್ನ ಪಾಸ್‌ವರ್ಡ್ ಬರೆದು ಅವನ ಕೈಗೆ ಕೊಟ್ಟೆ. ನಿನ್ನ ಅಕ್ಕನ ಹೆಸರೇ ಪಾಸ್‌ವರ್ಡ್ ಆಗಿತ್ತು. "ನೀನೇ ಪಾಸ್ ಮಾಡ್ಕೋಪ್ಪ" ಅಂದೆ.

ವಾರ ಕಳೆದ ಮೇಲೆ ಲೆಕ್ಕ ತಾಳೆ ಬರಲಿಲ್ಲ. ಹದಿನೆಂಟು ಸಾವಿರ ಇದ್ದದ್ದು ಒಂದು ಲಕ್ಷದ ಎಂಬತ್ತು ಸಾವಿರ ಅಂತ ಹತ್ತಿತ್ತು. ಒಂದು ಸೊನ್ನೆ ಜಾಸ್ತಿ, ಅಷ್ಟೇ. ದುಡ್ಡು ಯಾರೂ ತೆಗೆದಿರಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು ಯಾರು ಮಾಡಿದ್ದು ಅಂತ ಕೇಳಿದರು. "ಆ ಹುಡುಗ ಕೂತಿದ್ದ ಸರ್" ಅಂದೆ. ಅದು ಸುಳ್ಳಲ್ಲ. ಪಾಸ್‌ವರ್ಡ್ ಕೊಟ್ಟಿದ್ದು ನಾನು ಅಂತ ಮಾತ್ರ ಹೇಳಲಿಲ್ಲ. ಮಾರನೆಯ ದಿನದಿಂದ ಅವನು ಬರಬಾರದು ಅಂತ ಗುತ್ತಿಗೆದಾರನಿಗೆ ಫೋನ್ ಹೋಯಿತು.

ನನಗೆ ಏನಾಗುತ್ತಿತ್ತು ಹೇಳು? ಹೆಚ್ಚೆಂದರೆ ಒಂದು ಮೆಮೊ. ವಿವರಣೆ ಕೇಳುತ್ತಿದ್ದರು, ಯೂನಿಯನ್‌ನವರು ಜೊತೆಗೆ ನಿಲ್ಲುತ್ತಿದ್ದರು. ಅವನಿಗೆ ವಿವರಣೆ ಕೇಳುವವರೇ ಇರಲಿಲ್ಲ. ಒಂದು ಫೋನ್ ಕರೆಯಲ್ಲಿ ಮುಗಿಯಿತು.

ಅವನು ಸಂಜೆ ಬಂದಿದ್ದ. ನಾನು ಒಂದು ದಿನ ಅವಲಕ್ಕಿ ಹಾಕಿಕೊಟ್ಟಿದ್ದ ಸ್ಟೀಲ್ ಡಬ್ಬಿಯನ್ನು ತೊಳೆದು, ಪೇಪರಿನಲ್ಲಿ ಸುತ್ತಿ ತಂದಿದ್ದ. ಟೇಬಲ್ ಮೇಲಿಟ್ಟು "ಬರ್ತೀನಿ ಮೇಡಂ" ಅಂದ. ಬಾಯಿ ಬಿಟ್ಟಿದ್ದರೆ ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ವರ್ಷ ವಿಚಾರಿಸಿದೆ, ಆ ಗುತ್ತಿಗೆದಾರ ಊರು ಬಿಟ್ಟಿದ್ದ. ಆ ಡಬ್ಬಿಯಲ್ಲಿ ಇವತ್ತಿಗೂ ಏನನ್ನೂ ಹಾಕಿಡಲು ನನಗೆ ಮನಸ್ಸಾಗುವುದಿಲ್ಲ.

ನಿನ್ನ ಸಾಲು ಓದಿದಾಗ ಅವನೇ ಕೇಳಿದ ಹಾಗಾಯಿತು.

2014ರಲ್ಲಿ ನಮಗೆ ಒಂದು ತರಬೇತಿ ಇತ್ತು. ಅಮೆರಿಕದ ಟಾರ್ಗೆಟ್ ಅನ್ನುವ ದೊಡ್ಡ ಅಂಗಡಿಗಳ ಕಂಪನಿಯಲ್ಲಿ 2013ರ ಕೊನೆಗೆ ಕಳ್ಳತನವಾದ ಕಥೆ ಹೇಳಿದರು. ಸುಮಾರು 4 ಕೋಟಿ ಕಾರ್ಡುಗಳ ವಿವರ ಹೋಗಿತ್ತು. ಕಳ್ಳರು ಒಳಗೆ ಬಂದಿದ್ದು ಅಂಗಡಿಗಳ ಫ್ರಿಜ್, ಎಸಿ ಕೆಲಸ ಮಾಡುವ ಒಬ್ಬ ಗುತ್ತಿಗೆದಾರನ ಲಾಗಿನ್ ಕದ್ದು. ಬಿಲ್ಲು ಕಳಿಸೋದಕ್ಕೆ ಅಂತ ಅವರಿಗೆ ಲಾಗಿನ್ ಕೊಟ್ಟಿದ್ದರು. ಕ್ಲಾಸಿನಲ್ಲಿ ಎಲ್ಲರೂ "ಎಲ್ಲಾ ಕಾಂಟ್ರಾಕ್ಟರ್‌ಗಳಿಂದಲೇ ಆಗೋದು" ಅಂದರು. ಬಿಲ್ಲಿನ ಬಾಗಿಲಿಂದ ಗಲ್ಲಾಪೆಟ್ಟಿಗೆಯವರೆಗೆ ದಾರಿ ಬಿಟ್ಟಿದ್ದು ಯಾರು? ಎಚ್ಚರಿಕೆಯ ಸೂಚನೆ ಬಂದಾಗ ನೋಡದೆ ಬಿಟ್ಟಿದ್ದು ಯಾರು? ನನಗೆ ಎದ್ದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಆದರೂ ಆ ಕಾಗದವನ್ನು ಪೂರ್ತಿ ನಿನ್ನ ಶತ್ರು ಅಂದುಕೊಳ್ಳಬೇಡ. ಆ ವಿಮಾ ಕಂಪನಿಯವರ ಹತ್ತಿರ ಜನರ ಕಾಯಿಲೆ ಕಸಾಲೆಯ ವಿವರವೆಲ್ಲ ಇದೆ. ಜನರ ವೈಯಕ್ತಿಕ ಮಾಹಿತಿ ಕಾಪಾಡುವ 2023ರ ಡೇಟಾ ಕಾಯ್ದೆಯಲ್ಲಿ, ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಅಂತ ಇದೆ. ಕೆಲಸ ಹೊರಗಿನವರ ಕೈಲಿ ಮಾಡಿಸಿದರೂ ಹೊಣೆ ವಿಮಾ ಕಂಪನಿಯದೇ. ಹಾಗಾಗಿ ಅವರು ತಮ್ಮ ಕೆಲಸ ವಹಿಸಿಕೊಂಡ ದೊಡ್ಡ ಕಂಪನಿಗೆ ಷರತ್ತು ಹಾಕುತ್ತಾರೆ, ಆ ದೊಡ್ಡ ಕಂಪನಿ ಅದೇ ಷರತ್ತನ್ನು ನಿಮ್ಮ ಕಂಪನಿಗೆ ದಾಟಿಸುತ್ತದೆ, ನಿಮ್ಮ ಕಂಪನಿ ನಿನ್ನ ಮುಂದೆ ಇಡುತ್ತದೆ. ಮೇಲಿಂದ ಸುರಿದ ನೀರು ಕೊನೆಗೆ ನಿಂತಿದ್ದು ನಿನ್ನ ಕಾಲ ಹತ್ತಿರ. ದುಡ್ಡಿನ ಹೊಣೆ ಸಾಮಾನ್ಯವಾಗಿ ಕಂಪನಿ ಕಂಪನಿಗಳ ನಡುವಿನ ಒಪ್ಪಂದದಲ್ಲಿ ಇರುತ್ತದೆ. ನಿನ್ನ ಕಾಗದದಲ್ಲಿ "ನಷ್ಟವನ್ನು ಸ್ವಂತವಾಗಿ ಭರಿಸುತ್ತೇನೆ" ಅನ್ನುವಂಥ ಸಾಲು ಇದ್ದರೆ ಮಾತ್ರ ಸಹಿಗೆ ಮುಂಚೆ ಯಾರಾದರೂ ವಕೀಲರಿಗೆ ತೋರಿಸಬೇಕು. ನಾನು ವಕೀಲೆ ಅಲ್ಲ, ಇಷ್ಟು ಹೇಳುವುದೇ ಜಾಸ್ತಿ ಆಯಿತೇನೋ.

ಜೈಲಿನ ಮಾತು ಬರೆದಿದ್ದೀಯ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಸಿ ಕಲಮು ಇನ್ನೊಬ್ಬರ ಪಾಸ್‌ವರ್ಡ್ ಬಳಸಿದರೆ 3 ವರ್ಷದವರೆಗೆ ಶಿಕ್ಷೆ ಅನ್ನುವುದು ಹೌದು. ಆದರೆ ಮೋಸದಿಂದ, ಅಪ್ರಾಮಾಣಿಕವಾಗಿ ಬಳಸಿದರೆ ಅಂತ ಅದರಲ್ಲೇ ಇದೆ. ಲೀಡ್ ಹೇಳಿದ್ದಕ್ಕೆ ಅವರದೇ ಕೆಲಸ ಮಾಡಿದೆ ನೀನು. ಆ ಹೆದರಿಕೆ ಬಿಡು. ಒಪ್ಪಂದದ ನಿಯಮಕ್ಕೆ ಮಾತ್ರ ಮೋಸ ಇತ್ತೋ ಇಲ್ಲವೋ ಮುಖ್ಯವಲ್ಲ. ಮುರಿದರೆ ಮುರಿದ ಹಾಗೆ, ಕಳಿಸಿಬಿಡಬಹುದು. ನನ್ನ ಚಿಂತೆ ಇರುವುದು ಅಲ್ಲಿ.

ಮತ್ತೆ ಅಲ್ಲಿಗೇ ಬಂದೆ ನೋಡು. ಯಂತ್ರ ಎಲ್ಲ ನೆನಪಿಟ್ಟುಕೊಂಡಿರುತ್ತದೆ. 2022ರ ಏಪ್ರಿಲ್‌ನಲ್ಲಿ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು 180 ದಿನದ ಲಾಗ್, ಅಂದರೆ ಯಾವ ಐಡಿಯಿಂದ ಯಾವಾಗ ಏನಾಯಿತು ಅನ್ನುವ ದಾಖಲೆ, ಇಟ್ಟಿರಬೇಕು, ಏನಾದರೂ ಸೈಬರ್ ಅನಾಹುತ ಕಂಡರೆ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಆರೇ ಗಂಟೆ ಅಂದರೆ ಎಲ್ಲರೂ ಗಾಬರಿಯಲ್ಲಿ ಇರುತ್ತಾರೆ. ಲಾಗ್‌ನಲ್ಲಿ ಹೆಸರು ಲೀಡ್‌ದು, ಲ್ಯಾಪ್‌ಟಾಪ್ ನಿನ್ನದು. "ಆ ಕಾಂಟ್ರಾಕ್ಟ್ ಹುಡುಗಿ ಕೂತಿದ್ದಳು" ಅನ್ನೋಕೆ ಎಷ್ಟು ಹೊತ್ತು ಬೇಕು? ನನಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ.

ಅದಕ್ಕೇ ಯಾರೂ ಕೇಳುವ ಮೊದಲೇ ನೀನೇ ಬರೆದು ಕೊಡು. ಸೋಮವಾರ ಬೆಳಿಗ್ಗೆ, ಆಫೀಸ್ ಮೇಲ್‌ನಿಂದಲೇ, ಲೀಡ್‌ಗೆ ಮತ್ತು ನಿಮ್ಮ ಕಂಪನಿಯ ಮ್ಯಾನೇಜರ್‌ಗೆ. ಇಂಥ ದಿನದಿಂದ ಇಂಥ ದಿನದವರೆಗೆ ನನ್ನ ಲಾಗಿನ್ ಬಂದಿರಲಿಲ್ಲ, ತಾವು ಹೇಳಿದಂತೆ ತಮ್ಮ ಐಡಿಯಲ್ಲಿ ಕೆಲಸ ಮಾಡಿದೆ, ಈಗ ನನ್ನದು ಬಂದಿದೆ, ದಯವಿಟ್ಟು ತಮ್ಮ ಪಾಸ್‌ವರ್ಡ್ ಬದಲಿಸಿ. ಅಷ್ಟೇ ಸಾಕು. ದೂರು ಹೇಳುವ ಧ್ವನಿ ಬೇಡ. ಲಾಗಿನ್ ಕೇಳಿ ಹಾಕಿದ ಮನವಿಯ ಟಿಕೆಟ್ ನಂಬರ್ ಇದ್ದರೆ ಸೇರಿಸು. ಇದರಿಂದ ಲೀಡ್‌ಗೆ ಸಿಟ್ಟು ಬರಬಹುದು, ಕೆಲಸಕ್ಕೇ ತೊಂದರೆ ಆದರೂ ಆಗಬಹುದು. ಅದನ್ನು ಮುಚ್ಚಿಟ್ಟು ನಿನಗೆ ಸಲಹೆ ಕೊಡಲಾರೆ. ಇಲ್ಲಿ ಕೂತು ಹೇಳುವುದು ನನಗೆ ಸುಲಭ ಅನ್ನುವುದೂ ಗೊತ್ತು.

ಆಮೇಲೆ, ಸಾಕ್ಷಿಗೆ ಅಂತ ಅಲ್ಲಿನ ಸ್ಕ್ರೀನ್ ಫೋಟೋ ಹೊಡೆದು ಫೋನಿನಲ್ಲಿ ಇಟ್ಟುಕೊಳ್ಳಬೇಡ, ಸ್ವಂತ ಮೇಲ್‌ಗೂ ಕಳಿಸಿಕೊಳ್ಳಬೇಡ. ಅದೇ ಇನ್ನೊಂದು ತಪ್ಪಾಗುತ್ತದೆ. ಆ ನಿಯಮದ ಪುಟಗಳ ಫೋಟೋ ನನಗೆ ಕಳಿಸಿದ್ದೂ ಬೇಡಿತ್ತು ಮಗಳೇ, ಮೇಲೆ ಗೌಪ್ಯ ಅಂತ ಬರೆದಿತ್ತು. ಓದಿದವಳೇ ಅಳಿಸಿದ್ದೇನೆ. ನೀನೂ ಅಳಿಸು. ತಾರೀಖುಗಳನ್ನು ಮಾತ್ರ ಮನೆಯ ಡೈರಿಯಲ್ಲಿ ಬರೆದುಕೋ.

ಇನ್ನೊಂದು ನೆನಪಾಯಿತು. ರಿಟೈರ್ ಆದ ಮೇಲೆ ಬ್ಯಾಂಕಿನ ವ್ಯವಹಾರವನ್ನು ಆಗಿಂದಾಗಲೇ ಪರಿಶೀಲಿಸುವ ಕನ್‌ಕರೆಂಟ್ ಆಡಿಟ್ ಮಾಡುವಾಗ, ಕೆಲಸ ಬಿಟ್ಟು ತಿಂಗಳುಗಟ್ಟಲೆ ಆದವರ ಐಡಿಗಳು ಇನ್ನೂ ಜೀವಂತ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಲ್ಲಿಂದ ಹೊರಡುವ ದಿನ ಬಂದಾಗ ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದ್ದಕ್ಕೆ ಸಹಿ ತಗೋ, ನನ್ನ ಐಡಿ ಮುಚ್ಚಿ ಅಂತ ಬರೆದು ಕೇಳು.

ಲೀಡ್ ಮೇಲೆ ಕೋಪ ಮಾಡಿಕೊಳ್ಳಬೇಡ. ಅವರು ಕೆಟ್ಟವರು ಅಂತ ನನಗೆ ಅನ್ನಿಸಿಲ್ಲ. ಕ್ಲೋಸಿಂಗ್ ಗಡಿಬಿಡಿಯಲ್ಲಿ ನಾನೂ ಕೆಟ್ಟವಳಾಗಿ ಆ ಸ್ಲಿಪ್ ಕೊಟ್ಟಿರಲಿಲ್ಲ. ನಿನ್ನ ಮೇಲ್ ಅವರ ಕೈಲಿ ಇದ್ದರೆ, ನಾಳೆ ಯಾರಾದರೂ ಕೇಳಿದಾಗ ಅವರಿಗೂ ನಿಜ ಹೇಳೋದು ಸುಲಭವಾಗಬಹುದು. ನನಗೆ ಹಾಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಸೋಮವಾರ ಮೇಲ್ ಕಳಿಸಿದ ಮೇಲೆ ಒಂದು ಫೋನ್ ಮಾಡು. ಮೀಟಿಂಗ್ ಮುಗಿಯೋದು ರಾತ್ರಿ ಹತ್ತಾದರೂ ಸರಿ, ಎದ್ದೇ ಇರುತ್ತೇನೆ.

ನಿನ್ನ
ದೊಡ್ಡಮ್ಮ