ಚಳಿಗಾಲದ ಟೈರ್ ಮಾರಾಟದ ನಿಯಮಗಳಲ್ಲಿ ಬದಲಾವಣೆ

ಮಾನ್ಯ ಗ್ರಾಹಕರೇ,

ಈ ಚಳಿಗಾಲದಿಂದ ನಮ್ಮ ಸಹಕಾರ ಸಂಘದ ಟೈರ್ ವಿಭಾಗದಲ್ಲಿ ಎರಡು ನಿಯಮಗಳು ಬದಲಾಗುತ್ತಿವೆ. ಟೈರಿನ ಪಕ್ಕದ ಮೈಮೇಲೆ ‘ಎಂ ಪ್ಲಸ್ ಎಸ್’ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಗುರುತು ಮಾತ್ರ ಇರುವ ಆಲ್-ಸೀಸನ್ (ವರ್ಷವಿಡೀ ಬಳಸುವ) ಟೈರ್‌ಗಳನ್ನು ಹಿಮದ ರಸ್ತೆಯಲ್ಲಿ ಓಡಾಡುವ ಕಾರುಗಳಿಗೆ ನಾವು ಇನ್ನು ಹಾಕಿಕೊಡುವುದಿಲ್ಲ. ಚಳಿಗಾಲದ ಟೈರ್‌ಗಳನ್ನು ನಾಲ್ಕರ ಸೆಟ್ ಆಗಿ ಮಾತ್ರ ಮಾರುತ್ತೇವೆ.

‘ಎಂ ಪ್ಲಸ್ ಎಸ್’ ಗುರುತನ್ನು ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಗಾಡಿಗಳುಳ್ಳ ಮೇಲ್ಪದರದ, ವಿನ್ಯಾಸದ ಆಧಾರದ ಮೇಲೆ ತಯಾರಕರೇ ಹಾಕುತ್ತಾರೆ. ಅದಕ್ಕಾಗಿ ಟೈರನ್ನು ಹಿಮದ ಮೇಲೆ ಪರೀಕ್ಷಿಸಲೇಬೇಕೆಂಬ ನಿಯಮವಿಲ್ಲ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಚಿಹ್ನೆ ಸಿಗಬೇಕಾದರೆ ಮಾತ್ರ ಟೈರ್ ಹಿಮದ ಮೇಲಿನ ಪರೀಕ್ಷೆಯಲ್ಲಿ ನಿಗದಿತ ಮಟ್ಟದ ಹಿಡಿತವನ್ನು ತೋರಿಸಬೇಕು. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಈ ಚಿಹ್ನೆಯ ಟೈರ್‌ಗಳನ್ನಷ್ಟೇ ಒಪ್ಪಲಾಗುತ್ತಿದೆ. ಕೆಲವು ಆಲ್-ಸೀಸನ್ ಟೈರ್‌ಗಳಿಗೂ ಈ ಚಿಹ್ನೆ ಇದೆ. ಅವುಗಳ ಮಾರಾಟ ಮುಂದುವರಿಯುತ್ತದೆ.

ಹಾಗಿದ್ದರೂ ಚಿಹ್ನೆಯಿರುವ ಆಲ್-ಸೀಸನ್ ಟೈರ್ ಮತ್ತು ನಿಜವಾದ ಚಳಿಗಾಲದ ಟೈರ್ ಒಂದೇ ಅಲ್ಲ. ಬೇಸಿಗೆ ಟೈರಿನ ರಬ್ಬರ್ ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಬಿರುಸಾಗತೊಡಗಿದರೆ, ಚಳಿಗಾಲದ ಟೈರಿನ ರಬ್ಬರ್ ಕೊರೆಯುವ ಚಳಿಯಲ್ಲೂ ಮೃದುವಾಗಿಯೇ ಉಳಿಯುತ್ತದೆ, ಮತ್ತು ಅದರ ಟ್ರೆಡ್‌ನಲ್ಲಿರುವ ಅಸಂಖ್ಯ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಅದೇ ಮೃದುತ್ವದಿಂದಾಗಿ ಬಿಸಿಲಿನ ರಸ್ತೆಯಲ್ಲಿ ಅದು ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಆಲ್-ಸೀಸನ್ ಟೈರ್ ಈ ಎರಡರ ನಡುವಿನ ರಾಜಿ. ಹಿಮ ಅಪರೂಪಕ್ಕೆ ಬಿದ್ದು ಬೇಗ ಕರಗುವ ಕಡೆ ಅದು ಸಾಕು. ತಿಂಗಳುಗಟ್ಟಲೆ ಹಿಮ, ಮಂಜುಗಡ್ಡೆ ನಿಲ್ಲುವ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ದಿನವೂ ಓಡಾಡುವವರಿಗೆ ಚಳಿಗಾಲದ ಪ್ರತ್ಯೇಕ ಸೆಟ್ಟನ್ನೇ ನಾವು ಒತ್ತಿ ಹೇಳುತ್ತೇವೆ. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲವಾದ್ದರಿಂದ ಟೈರಿನ ಖರ್ಚು ಇಮ್ಮಡಿಯಾಗುವುದಿಲ್ಲ. ಋತುವಿಗೊಮ್ಮೆ ಬದಲಿಸುವ ಕೂಲಿ ಮತ್ತು ಇಡುವ ಜಾಗದ ಹೊರೆ ಮಾತ್ರ ಇದ್ದೇ ಇರುತ್ತದೆ.

ಮುಂದಿನ ಚಕ್ರಗಳೇ ಕಾರನ್ನು ಎಳೆಯುವುದರಿಂದ ಮುಂದಕ್ಕೆ ಎರಡು ಟೈರ್ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಮುಂಭಾಗಕ್ಕೆ ಹಿಡಿತವಿದ್ದು ಹಿಂಭಾಗಕ್ಕೆ ಇಲ್ಲದಿದ್ದರೆ, ತಿರುವಿನಲ್ಲಿ ವೇಗ ತಗ್ಗಿಸಿದ ಕ್ಷಣವೇ ಹಿಂದಿನ ಚಕ್ರಗಳು ಪಕ್ಕಕ್ಕೆ ಜಾರಿ ಕಾರು ಗಿರಕಿ ಹೊಡೆಯುವ ಅಪಾಯವಿದೆ, ಮತ್ತು ಅದನ್ನು ಸರಿಪಡಿಸಿಕೊಳ್ಳುವುದು ನುರಿತ ಚಾಲಕರಿಗೂ ಕಷ್ಟ. ನಾಲ್ಕೂ ಚಕ್ರ ಎಳೆಯುವ ಕಾರುಗಳಿಗೂ ಈ ನಿಯಮ ಅನ್ವಯಿಸುತ್ತದೆ. ಆ ವ್ಯವಸ್ಥೆ ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ.

ಎರಡೇ ಟೈರ್‌ಗಳಿಗೆ ಮುಂಗಡ ಕೊಟ್ಟಿರುವವರು ಇನ್ನೆರಡನ್ನು ಸೇರಿಸಿಕೊಳ್ಳಬಹುದು, ಇಲ್ಲವೇ ಪೂರ್ತಿ ಹಣವನ್ನು ಹಿಂಪಡೆಯಬಹುದು. ಈಗಾಗಲೇ ಚಳಿಗಾಲದ ಟೈರ್ ಇರುವವರು ಹಿಮ ಬೀಳುವ ಮೊದಲೇ ತಂದು ತೋರಿಸಿ. ಟ್ರೆಡ್‌ನ ಆಳ 4 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಹಿಮದ ಮೇಲೆ ಅದನ್ನು ನೆಚ್ಚಿಕೊಳ್ಳಬೇಡಿ ಎಂದೇ ನಾವು ಹೇಳುತ್ತೇವೆ. ಚಳಿ ಹೆಚ್ಚಿದಂತೆ ಟೈರಿನ ಒತ್ತಡ ಇಳಿಯುವುದರಿಂದ ಅದನ್ನೂ ಅಂದೇ ನೋಡಿ ಗಾಳಿ ತುಂಬಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಟೈರ್ ವಿಭಾಗ